ಎರಡನೆಯ ಬೇರಿಂಗ್

"ಹಾಕ್ಲಾ ಸಾರ್?" ಎಂದು ಮಂಜುಶ್ರೀ ಕೇಳಿದಳು.

ಅವಳ ಪಿಎಚ್‌ಡಿ ಗೈಡ್ ವಿಜಯಕುಮಾರ್ ಉತ್ತರ ಕೊಡುವ ಮೊದಲು, ಪ್ರಯೋಗ ನೋಡಲು ಹೈದರಾಬಾದಿನಿಂದ ಬಂದಿದ್ದ ತಜ್ಞರ ಮುಖ ನೋಡಿದರು. ತಜ್ಞರು ತಮ್ಮ ಕೈಗಡಿಯಾರ ನೋಡಿಕೊಂಡರು. ಮಧ್ಯಾಹ್ನ ಸೋಗಾನೆಯಲ್ಲಿ ವಿಮಾನ ಹಿಡಿಯಬೇಕಾದವರಿಗೆ ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಏನು ಅಲ್ಲಾಡಿದರೇನು, ಏನು ನಿಂತರೇನು. "ಹಾಕಿ, ಹಾಕಿ" ಎಂದರು ವಿಜಯಕುಮಾರ್.

ಅವಳು ಲ್ಯಾಪ್‌ಟಾಪಿನ ಒಂದು ಕೀ ಒತ್ತಿದಳು. ಪರದೆಯ ಮೇಲೆ ಗರಗಸದ ಹಲ್ಲಿನಂತೆ ಕುಣಿಯುತ್ತಿದ್ದ ಗೆರೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕುಗ್ಗುತ್ತ ಕುಗ್ಗುತ್ತ ಅರ್ಧ ನಿಮಿಷದಲ್ಲಿ ನೂಲಿನೆಳೆಯಷ್ಟಾಯಿತು. ಎಂಟು ವರ್ಷ ಹೇಳಿದ ಮಾತು ಕೇಳದ ಗೆರೆ, ನೆಂಟರು ಬಂದ ದಿನ ಬಲು ಮರ್ಯಾದೆಯಿಂದ ನಡೆದುಕೊಂಡಿತು. ತಜ್ಞರು "ಗುಡ್" ಎಂದರು. ವಿಜಯಕುಮಾರ್ ತಾವೇ ಅದನ್ನು ಹೆತ್ತವರ ಹಾಗೆ ನಕ್ಕರು.

ನಡುಕವನ್ನು ನಡುಕದಿಂದಲೇ ಅಡಗಿಸುವುದು ಮಂಜುಶ್ರೀಯ ವಿದ್ಯೆ. ಆ ಫೌಂಡ್ರಿಯ ಹೊಗೆ ಧೂಳನ್ನೆಲ್ಲ ಹೊರಗೆಳೆಯುವ ಆಳೆತ್ತರದ ಒಂದು ಬ್ಲೋವರ್ ಇದೆ. ಅದರ ಶಾಫ್ಟನ್ನು ಎರಡು ಬೇರಿಂಗ್‌ಗಳು ಹೊತ್ತಿವೆ, ಮೋಟರಿನ ಕಡೆ ಒಂದು, ಗೋಡೆಯ ಕಡೆ ಒಂದು. ಬ್ಲೋವರ್ ತಿರುಗಿತೆಂದರೆ ಶೆಡ್ಡಿನ ನೆಲವೆಲ್ಲ ಗುಂಯ್ ಎನ್ನುತ್ತದೆ. ಅವಳು ಮೋಟರಿನ ಕಡೆಯ ಬೇರಿಂಗಿಗೆ ಅಡಿಕೆ ಗಾತ್ರದ ಒಂದು ಸೆನ್ಸರ್ ಅಂಟಿಸಿ, ಅದರ ಬುಡಕ್ಕೆ ಶೇಕರ್ ಎಂಬ ಒಂದು ಡಬ್ಬಿ ಕೂರಿಸಿದ್ದಳು. ಬೇರಿಂಗ್ ಮೇಲಕ್ಕೆ ಎಗರುವ ಹೊತ್ತಿಗೆ ಸರಿಯಾಗಿ ಡಬ್ಬಿ ಕೆಳಕ್ಕೆ ಜಗ್ಗಬೇಕು. ಎಷ್ಟು ಜಗ್ಗಬೇಕು, ಯಾವಾಗ ಜಗ್ಗಬೇಕು ಎನ್ನುವುದನ್ನು ಅವಳು ಬರೆದ ಲೆಕ್ಕವೇ ಕಲಿತುಕೊಳ್ಳುತ್ತದೆ. ಜಗ್ಗಿ ನೋಡುತ್ತದೆ, ಇನ್ನೆಷ್ಟು ನಡುಕ ಉಳಿಯಿತೆಂದು ಸೆನ್ಸರನ್ನು ಕೇಳುತ್ತದೆ, ತಪ್ಪಿದ್ದರೆ ತಿದ್ದಿಕೊಂಡು ಮತ್ತೆ ಜಗ್ಗುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಪುಸ್ತಕದಲ್ಲಿ ಅದಕ್ಕೆ ಅಡಾಪ್ಟಿವ್ ಫಿಲ್ಟರ್ ಎಂದು ಹೆಸರು. ಶಿವಮೊಗ್ಗದಲ್ಲಿ ಅವಳು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವಳಿಗೂ ಹೆಚ್ಚುಕಡಿಮೆ ಅದೇ ಹೆಸರು. ಫಿಲ್ಟರ್ ಮೇಡಂ ಬಂದ್ರಾ, ಫಿಲ್ಟರ್ ಮೇಡಂ ಊಟ ಆಯ್ತಾ ಎನ್ನುತ್ತಿದ್ದರು. ಎಂಟು ವರ್ಷ ಒಂದೇ ಪಿಎಚ್‌ಡಿ ಹಿಡಿದು ಕುಳಿತವರಿಗೆ ಅಷ್ಟು ಆಡಿಕೊಳ್ಳದೆ ಬಿಡುತ್ತಾರೆಯೆ.

ಈ ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಪಿಎಚ್‌ಡಿ ಆಗದವರನ್ನು ಮುಂದಿನ ವರ್ಷ ಇಟ್ಟುಕೊಳ್ಳುವುದಿಲ್ಲ ಎಂದು ಕಾಲೇಜು ಬೇರೆ ನೋಟೀಸು ಕೊಟ್ಟಿತ್ತು. ಪ್ರಬಂಧಕ್ಕೆ ಕೊನೆಯದಾಗಿ ಬೇಕಿದ್ದದ್ದು ಒಂದೇ ಕಾಗದ: ನಿಜವಾದ ಕಾರ್ಖಾನೆಯ ನಿಜವಾದ ಯಂತ್ರದ ಮೇಲೆ ಇದು ಕೆಲಸ ಮಾಡಿತು ಎಂದು ಫೌಂಡ್ರಿಯ ಮಾಲೀಕರು ಬರೆದುಕೊಡುವ ಪತ್ರ.

ಮಾಲೀಕ ಧರ್ಮೇಂದ್ರ ಪರದೆಯನ್ನು ಒಮ್ಮೆ ಬಗ್ಗಿ ನೋಡಿ ನೆಟ್ಟಗಾದ. "ಗೆರೆ ಎಲ್ಲಾ ಸರಿ ಮೇಡಂ. ನಮ್ಮಪ್ಪನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಮಷಿನ್ ರಿಪೇರಿ ಮಾಡ್ಲಿ, ಹೊಸದು ತರ್ಲಿ, ಸಿದ್ದಯ್ಯನೋರು ಕೈ ಇಟ್ಟು ಆಯ್ತು ಅನ್ಬೇಕು. ಆಮೇಲೇ ಸಹಿ."

ಸಿದ್ದಯ್ಯ ಅಂದರೆ ಮಂಜುಶ್ರೀಯ ಅಪ್ಪ. ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಧರ್ಮೇಂದ್ರನ ಅಪ್ಪ ಮನೆಗೇ ಬಂದು ಕರೆದುಕೊಂಡು ಹೋದ ಆಳು. ಓಡುವ ಯಂತ್ರದ ಮೇಲೆ ಅಂಗೈ ಇಟ್ಟು, ಯಾವ ಬೋಲ್ಟು ಸಡಿಲ, ಯಾವ ಬೇರಿಂಗ್ ಇನ್ನೆಷ್ಟು ದಿನ ಎಂದು ಹೇಳುತ್ತಿದ್ದರು. ಮಂಜುಶ್ರೀ ಚಿಕ್ಕವಳಿದ್ದಾಗ ಜ್ವರ ಬಂದರೆ ಹಣೆ ಮುಟ್ಟಿ "ನೂರೊಂದು" ಎನ್ನುತ್ತಿದ್ದರು, ಆಮೇಲೆ ಥರ್ಮಾಮೀಟರ್ ಅದನ್ನೇ ಒಪ್ಪಿಕೊಳ್ಳುತ್ತಿತ್ತು.

ಸಿದ್ದಯ್ಯ ಮುಂದೆ ಬಂದರು. ಮೋಟರಿನ ಕಡೆಯದನ್ನು ಮುಟ್ಟಿದರು. ಸುತ್ತಿಬಂದು ಗೋಡೆಯ ಕಡೆಯ ಬೇರಿಂಗಿನ ಮೇಲೆ ಅಂಗೈ ಊರಿದರು. ತಜ್ಞರೂ ಒಂದು ಗಳಿಗೆ ಗಡಿಯಾರ ಮರೆತು ಆ ಕೈಯನ್ನೇ ನೋಡಿದರು.

"ಆಯ್ತು" ಎಂದರು ಸಿದ್ದಯ್ಯ.

ಎಲ್ಲರೂ ಕಾಫಿಗೆಂದು ಆಫೀಸಿನ ಕಡೆ ಹೊರಟರು. ಮಂಜುಶ್ರೀ ವೈರು ಸುತ್ತುತ್ತ ಹಿಂದೆ ಉಳಿದಳು. ಅಪ್ಪ ಇನ್ನೂ ಅಲ್ಲೇ ನಿಂತು ಹೋಗುವವರನ್ನು ನೋಡುತ್ತಿದ್ದರು, ಮುಖದ ಮೇಲೆ ಹೆಮ್ಮೆ ಎದ್ದು ಕಾಣುತ್ತಿತ್ತು. ಆಗ ಅವಳ ಮೂಗಿಗೆ ವಾಸನೆ ಬಂತು. ಕಾದ ಗ್ರೀಸಿನದು ಒಂದು, ಅದರ ಜೊತೆಗೆ ಕೂದಲು ಸುಟ್ಟಂಥದು ಇನ್ನೊಂದು. ಬೇರಿಂಗಿನ ಅಂಚಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅಪ್ಪನ ಅಂಗೈ ಅದರ ಮೇಲೆಯೇ ಇತ್ತು.

"ಅಪ್ಪ, ಕೈ ತೆಗೀರಿ."

ಅವರಿಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿದರು. ನಿಧಾನವಾಗಿ ಎತ್ತಿದರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ಅವರು ಆ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

"ಕಾಫಿ ಆರೋಗುತ್ತೆ, ಹೋಗು" ಎಂದರು.

ಅವಳಿಗೆ ಎರಡು ವಿಷಯ ಒಟ್ಟಿಗೇ ತಿಳಿದವು. ಗೋಡೆಯ ಕಡೆಯ ಬೇರಿಂಗ್ ಸಾಯುತ್ತಿದೆ. ಅಪ್ಪನ ಕೈ ಯಾವತ್ತೋ ಸತ್ತಿದೆ. ಆದರೂ ಅವಳು ಕಾಫಿಗೆ ಹೋದಳು ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಧರ್ಮೇಂದ್ರ ಸಹಿ ಹಾಕಿ ಸೀಲು ಒತ್ತಿದ ಪತ್ರವನ್ನು ಎರಡೂ ಕೈ ಚಾಚಿ ತೆಗೆದುಕೊಂಡಳು. "ನಿಮ್ಮ ಡಬ್ಬಿ ಒಂದು ವಾರ ಹಾಗೇ ಓಡ್ತಿರ್ಲಿ ಬಿಡಿ ಮೇಡಂ, ಬಂದೋರಿಗೆ ತೋರಿಸ್ತೀನಿ" ಎಂದು ಅವನು ಅಂದಾಗ ಹೂಂ ಎಂದು ತಲೆಯನ್ನೂ ಆಡಿಸಿದಳು. ಬೇಡ ಎನ್ನಲು ಬಾಯಿಗೇನು ಬೀಗ ಬಿದ್ದಿರಲಿಲ್ಲ.

ಗೋಡೆಯ ಕಡೆಯ ಸುದ್ದಿ ಅವಳಿಗೆ ಹೊಸತೂ ಅಲ್ಲ. ನಾಲ್ಕು ದಿನದ ಹಿಂದಿನವರೆಗೆ ಆ ಬೇರಿಂಗಿನ ಮೇಲೂ ಅವಳು ಒಂದು ಸೆನ್ಸರ್ ಇಟ್ಟಿದ್ದಳು. ಮೊದಲನೆಯ ಗೆರೆ ಇಳಿದ ಹಾಗೆಲ್ಲ ಎರಡನೆಯ ಗೆರೆ ಏರುತ್ತಿತ್ತು. ಅದರಲ್ಲಿ ಸೋಜಿಗವೇನಿಲ್ಲ. ಆ ಲೆಕ್ಕಕ್ಕೆ ಹೇಳಿಕೊಟ್ಟಿದ್ದು ಒಂದೇ ಮಾತು, ಮೊದಲನೆಯ ಸೆನ್ಸರ್ ಇರುವ ಜಾಗ ಅಲುಗಕೂಡದು. ಅದು ಅಷ್ಟನ್ನು ಚಾಚೂ ತಪ್ಪದೆ ಮಾಡುತ್ತದೆ. ಉಳಿದ ಕಡೆ ಏನು ಹಾಳಾದರೂ ಅದಕ್ಕೆ ಚಿಂತೆಯಿಲ್ಲ. ಎರಡೂ ಕಡೆ ಹಿಡಿಯಬೇಕಾದರೆ ಇನ್ನೊಂದು ಶೇಕರ್ ಬೇಕು, ಲೆಕ್ಕವನ್ನು ಹೊಸದಾಗಿ ಬರೆಯಬೇಕು, ಇನ್ನಾರು ತಿಂಗಳು ಬೇಕು. ಅವಳ ಬಳಿ ಇದ್ದದ್ದು ಇಪ್ಪತ್ತು ದಿನ.

"ಎರಡನೇ ಗೆರೆ ಯಾಕೆ ತೋರಿಸ್ತೀರಾ ಮಂಜುಶ್ರೀ?" ಎಂದು ವಿಜಯಕುಮಾರ್ ಕೇಳಿದ್ದರು. "ಕೇಳದೇ ಇರೋ ಪ್ರಶ್ನೆಗೆ ಯಾರಾದ್ರೂ ಉತ್ತರ ಬರೀತಾರಾ? ತೆಗ್ದುಬಿಡಿ."

ತೆಗೆದುಬಿಟ್ಟಳು. ತೆಗೆದ ಮೇಲೆ ಮನಸ್ಸು ಚುಚ್ಚಿತು. ಅಪ್ಪನನ್ನು ಕರೆದು, ಗೋಡೆಯ ಕಡೆಯದಕ್ಕೆ ಒಂದು ಸಲ ಕೈ ಇಟ್ಟು ನೋಡಿ ಎಂದಳು. ಅಪ್ಪ ಇಟ್ಟು ನೋಡಿ ಅವತ್ತೂ ಆಯ್ತು ಎಂದಿದ್ದರು. ಅವಳಿಗೆ ಉಸಿರು ಬಂದಂತಾಗಿತ್ತು. ಸೆನ್ಸರಿನ ಮ್ಯಾಗ್ನೆಟ್ ಸಡಿಲವಿದ್ದಿರಬಹುದು, ಅಪ್ಪನ ಕೈ ಸುಳ್ಳು ಹೇಳುವುದುಂಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಬೇಕಾದ ಉತ್ತರ ಕೊಟ್ಟವರನ್ನು ನಂಬುವುದಕ್ಕೆ ಪಿಎಚ್‌ಡಿ ಬೇಡ.

ಅವತ್ತು ಸಂಜೆ ಅವಳು ಶಿವಮೊಗ್ಗಕ್ಕೆ ಹೊರಡದೆ ನ್ಯೂಟೌನಿನ ತವರುಮನೆಗೆ ಹೋದಳು. ಅಪ್ಪ ಸ್ನಾನಕ್ಕೆ ಹೋಗಿದ್ದರು. ಅಮ್ಮ ಸಾವಿತ್ರಮ್ಮ ಅವರೆಕಾಳು ಸುಲಿಯುತ್ತ ಕುಳಿತಿದ್ದರು.

"ಅಪ್ಪನ ಕೈ ಎಷ್ಟು ದಿನದಿಂದ ಹಿಂಗಿದೆ ಅಮ್ಮ?"

ಸಾವಿತ್ರಮ್ಮ ತಲೆಯೆತ್ತಲಿಲ್ಲ. "ಮೂರು ವರ್ಷ ಆಯ್ತು. ಗ್ರೈಂಡರ್ ಹಿಡಿದೂ ಹಿಡಿದೂ ಎರಡೂ ಕೈ ಜೋಮು ಹಿಡೀತು ಅಂದ್ರು. ಬಿಡುತ್ತೆ ಅಂದ್ಕೊಂಡ್ವಿ, ಬಿಡ್ಲಿಲ್ಲ. ಅಂಗಿ ಗುಂಡಿ ನಾನೇ ಹಾಕ್ತೀನಿ. ಕಣ್ಣು ಮಂಜು ಅಂತ ಟಿವಿಎಸ್ ಮಾರಿದ್ರಲ್ಲ, ಕಣ್ಣಿಗೇನೂ ಆಗಿರ್ಲಿಲ್ಲ. ಬ್ರೇಕ್ ಹಿಡಿದಿದ್ದು ಗೊತ್ತಾಗ್ತಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಯಾರಿಗೂ ಹೇಳ್ಬೇಡ ಅಂದ್ರು. ಕೈ ಹೋಯ್ತು ಅಂದ್ರೆ ಆ ಫೌಂಡ್ರಿಯಲ್ಲಿ ಅವರಿಗೇನಿದೆ ಮಾರಾಯ್ತಿ?"

ಸಿದ್ದಯ್ಯ ಟವೆಲ್ ಹೊದ್ದುಕೊಂಡು ಬಂದು ಇಬ್ಬರ ಮುಖವನ್ನೂ ನೋಡಿದರು. ವಿಷಯ ತಿಳಿಯಿತು. ಕುರ್ಚಿ ಎಳೆದು ಕುಳಿತರು.

"ಏನೂ ಗೊತ್ತಾಗದೇ ಇದ್ರೂ ಆಯ್ತು ಅಂದ್ರಲ್ಲ ಅಪ್ಪ" ಎಂದಳು ಮಂಜುಶ್ರೀ. ಅವಳ ದನಿ ಅವಳಿಗೇ ಹಿಡಿಸಲಿಲ್ಲ. "ನಾನು ನಿಮ್ಮ ಕೈ ನಂಬಿದ್ದೆ."

"ನೀನು ಅಲ್ಲಿಂದ ಸೆನ್ಸರ್ ಕಿತ್ತಿದ್ದು ನಾನು ನೋಡ್ದೆ" ಎಂದರು ಸಿದ್ದಯ್ಯ. "ಅವತ್ತು ಮೂಲೇಲಿ ನಿಂತಿದ್ದೆ. ಇಷ್ಟು ಓದಿದ ನನ್ನ ಮಗಳು ತೆಗೀತಿದಾಳೆ ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ತಾನೇ? ಅದಕ್ಕೇ ಆಯ್ತು ಅಂದೆ. ನಾನು ನಿನ್ನ ನಂಬಿದ್ದೆ."

ಸಾವಿತ್ರಮ್ಮ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಮಾಡುತ್ತಲೇ ಇದ್ದರು.

ಆ ರಾತ್ರಿ ಶಿವಮೊಗ್ಗದ ರವೀಂದ್ರನಗರದ ತನ್ನ ಮನೆಗೆ ಬಂದು ಮಂಜುಶ್ರೀ ಪತ್ರವನ್ನು ಸ್ಕ್ಯಾನ್ ಮಾಡಿ ಪ್ರಬಂಧದ ಕೊನೆಗೆ ಸೇರಿಸಿದಳು. ಮರುದಿನ ತೆಗೆದಳು. ಶನಿವಾರ ಮತ್ತೆ ಸೇರಿಸಿದಳು. ಭಾನುವಾರ ಬೆಳಿಗ್ಗೆ ವಿಜಯಕುಮಾರ್ ಅವರಿಗೆ ಫೋನ್ ಮಾಡಿದಳು.

"ಸಾರ್, ಗೋಡೆ ಕಡೆ ಬೇರಿಂಗ್ ಬಿಸಿಯಾಗ್ತಿದೆ."

"ಓಡೋ ಬೇರಿಂಗ್ ಬಿಸಿಯಾಗದೇ ತಂಪಾಗುತ್ತಾ? ಗ್ರೀಸ್ ಹಾಕಕ್ಕೆ ಹೇಳಿ. ನಿಮ್ಮ ಪ್ರಬಂಧ ಇರೋದು ಫಿಲ್ಟರ್ ಮೇಲೆ ಮಂಜುಶ್ರೀ, ಗ್ರೀಸ್ ಮೇಲಲ್ಲ. ಪ್ರಿಂಟಿಗೆ ಕೊಟ್ರಾ?"

"ಇನ್ನೂ ಇಲ್ಲ ಸಾರ್."

"ಕೊಡಿ ಮತ್ತೆ."

ಸೋಮವಾರ ಅವಳು ಡಬ್ಬಿ ವಾಪಸ್ಸು ತರುವ ನೆಪ ಹೇಳಿಕೊಂಡು ಸ್ಕೂಟರಿನಲ್ಲಿ ಭದ್ರಾವತಿಗೆ ಬಂದಳು. ಡಬ್ಬಿ ಕಿತ್ತುಕೊಂಡು ಹೋದರೆ ಯಾರಿಗೂ ಏನೂ ಹೇಳದೆ ಎಲ್ಲವೂ ಮೊದಲಿನಂತಾಗುತ್ತದೆ, ಬೇರಿಂಗಿಗೆ ಗ್ರೀಸು ಹಾಕಿಸಿದರೆ ಇನ್ನೊಂದಿಷ್ಟು ಕಾಲ ಬದುಕುತ್ತದೆ, ಪತ್ರ ಪತ್ರದ ಪಾಡಿಗೆ ಇರುತ್ತದೆ. ದಾರಿಯುದ್ದಕ್ಕೂ ಹೀಗೆ ಎಣಿಸಿಕೊಂಡು ಬಂದವಳು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು.

ಬ್ಲೋವರಿನ ಪಕ್ಕ, ಗೋಡೆಯ ಕಡೆ, ನಾಲ್ಕು ಜನ ಹೆಂಗಸರು ಸಾಲಾಗಿ ಕುಳಿತು ಅಚ್ಚಿನ ಮರಳು ಜರಡಿ ಹಿಡಿಯುತ್ತಿದ್ದರು. ಬೇರಿಂಗಿಗೂ ಸಾಲಿನ ಮೊದಲಲ್ಲಿ ಕುಳಿತಿದ್ದ ಹೂವಮ್ಮನ ತಲೆಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಇಷ್ಟು ವರ್ಷ ಅವರು ಮರಳು ಜರಡಿ ಹಿಡಿದದ್ದು ಹೊರಗೆ, ತಗಡಿನ ಬೇಲಿಯ ಪಕ್ಕದ ಬಿಸಿಲಿನಲ್ಲಿ. ಶೆಡ್ಡಿನೊಳಗೆ ಖಾಲಿಯಿದ್ದ ಜಾಗ ಇದೊಂದೇ. ನೆಲದ ನಡುಕಕ್ಕೆ ಇಲ್ಲಿ ಜರಡಿ ನಿಲ್ಲುವುದಿಲ್ಲ, ಜೊತೆಗೆ ಅಪಾಯ ಬೇರೆ ಎಂದು ಯಾರನ್ನೂ ಕೂರಿಸುತ್ತಿರಲಿಲ್ಲ.

"ಬಂದ್ಯಾ ಅವ್ವಾ" ಎಂದಳು ಹೂವಮ್ಮ. ತವರುಮನೆಯ ಹತ್ತಿರದವಳು, ಮಂಜುಶ್ರೀಯನ್ನು ಲಂಗ ತೊಟ್ಟ ಕಾಲದಿಂದ ನೋಡಿದವಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ. ಹತ್ತು ವರ್ಷದಿಂದ ನೆರಳು ಕೊಡಿ ನೆರಳು ಕೊಡಿ ಅಂತ ಬಡ್ಕೊಂಡೆ. ನಿಮ್ಮಪ್ಪ ಕೈ ಇಟ್ಟು ಆಯ್ತು ಅಂದ್ರಂತೆ, ಸಾಹುಕಾರ್ರು ಅವತ್ತೇ ಒಳಗೆ ಕೂರಿಸಿದ್ರು."

"ಇಲ್ಲಿ ನೆಲ ಅದುರಲ್ವಾ ಹೂವಮ್ಮ?"

"ಅದುರುತ್ತೆ. ಮೊದಲಿಗಿಂತ ಜಾಸ್ತೀನೇ ಅದುರುತ್ತೆ, ಬೆನ್ನುಮೂಳೆಗೆ ಗೊತ್ತಾಗುತ್ತೆ. ಆದ್ರೂ ನೆರಳಲ್ವಾ?"

ಮಂಜುಶ್ರೀ ಚೀಲದಿಂದ ಎರಡನೆಯ ಸೆನ್ಸರ್ ತೆಗೆದು ಗೋಡೆಯ ಕಡೆಯ ಬೇರಿಂಗಿಗೆ ಅಂಟಿಸಿದಳು. ಬೆರಳು ತಾಗಿ ಚುರುಕ್ ಎಂದಿತು. ಲ್ಯಾಪ್‌ಟಾಪ್ ತೆರೆದಳು. ಗೆರೆ ಪರದೆಯ ಮೇಲಂಚಿಗೆ ಬಡಿಯುತ್ತಿತ್ತು. ಅವಳು ಡಬ್ಬಿ ಹಾಕುವ ಮೊದಲು ಇದ್ದದ್ದರ ನಾಲ್ಕರಷ್ಟು.

ಧರ್ಮೇಂದ್ರನನ್ನು ಕರೆಸಿದಳು. ಅವನ ಹಿಂದೆ ಸಿದ್ದಯ್ಯನೂ ಬಂದರು. ಬಲಗೈಗೆ ಚರ್ಮದ ಗ್ಲೌಸ್ ಹಾಕಿದ್ದರು.

"ಸಾರ್, ಇವರನ್ನ ಇಲ್ಲಿಂದ ಎಬ್ಬಿಸಿ, ಬ್ಲೋವರ್ ನಿಲ್ಲಿಸಿ. ತಪ್ಪು ನಂದು. ಈ ಕಡೆ ನಡುಕ ಜಾಸ್ತಿಯಾಗಿದ್ದು ನಂಗೆ ಮೊದಲೇ ಗೊತ್ತಿತ್ತು. ಸೆನ್ಸರ್ ತೆಗೆದು ಮುಚ್ಚಿಟ್ಟೆ. ಬೇರಿಂಗ್ ಯಾವಾಗ ಒಡೆಯುತ್ತೋ ಹೇಳಕ್ಕಾಗಲ್ಲ."

ತನ್ನ ಮೇಲೆ ತಾನೇ ಕೆಸರು ಎರಚಿಕೊಂಡರೆ ಅಪ್ಪನ ಹೆಸರು ಎತ್ತದೆ ಮುಗಿಯುತ್ತದೆ ಎಂದು ಅವಳು ತಿಳಿದಿದ್ದಳು. ಧರ್ಮೇಂದ್ರ ಅವಳನ್ನು ಮರುಕದಿಂದ ನೋಡಿದ.

"ಓದಿ ಓದಿ ನಿಮ್ಗೆ ತಲೆ ಬಿಸಿಯಾಗಿದೆ ಮೇಡಂ. ನಿಮ್ಮ ಸೆನ್ಸರ್ ನೀವು ಅಂಟಿಸಿದ ಕಡೆ ಅಂಟ್ಕೊಳ್ಳುತ್ತೆ, ಒಂದು ದಿನ ಹಂಗೆ ಹೇಳುತ್ತೆ, ಒಂದು ದಿನ ಹಿಂಗೆ ಹೇಳುತ್ತೆ. ನಾನು ಸಹಿ ಹಾಕಿದ್ದು ನಿಮ್ಮ ಗೆರೆ ನೋಡಿ ಅಲ್ಲ. ನಿಮ್ಮಪ್ಪ ಕೈ ಇಟ್ಟು ಹೇಳಿದಾರೆ. ಅದಕ್ಕಿಂತ ಇನ್ನೇನು ಬೇಕು? ಅಲ್ವಾ ಸಿದ್ದಯ್ಯನೋರೇ?"

ಮಂಜುಶ್ರೀ ಅಪ್ಪನನ್ನು ನೋಡಿದಳು. ಸಿದ್ದಯ್ಯ ಬ್ಲೋವರನ್ನು ನೋಡುತ್ತಿದ್ದರು. ಅವರು ಹೇಳಲಿ ಎಂದು ಅವಳು ಕಾದಳು. ಒಂದು ಮಾತು ಸಾಕಿತ್ತು, ಅವರ ಬಾಯಿಂದಲೇ ಬಂದಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು. ಹೂವಮ್ಮ ಜರಡಿ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದಳು. ಸಿದ್ದಯ್ಯ ಬಾಯಿ ಬಿಡಲಿಲ್ಲ.

"ಅಪ್ಪನ ಕೈಗೆ ಏನೂ ಗೊತ್ತಾಗಲ್ಲ" ಎಂದಳು ಮಂಜುಶ್ರೀ. "ಮೂರು ವರ್ಷ ಆಯ್ತು."

ಧರ್ಮೇಂದ್ರ ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದ. ಅವಳು ಅಪ್ಪನ ಹತ್ತಿರ ಹೋಗಿ ಬಲಗೈ ಹಿಡಿದು ಗ್ಲೌಸ್ ಎಳೆದಳು. ಅವರು ಬಿಡಿಸಿಕೊಳ್ಳಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ ಒಡೆದು ಮಾಂಸ ಕಾಣುತ್ತಿತ್ತು, ಗ್ಲೌಸಿನ ಒಳಗೆ ಕೀವು ಮೆತ್ತಿತ್ತು. ಅವಳು ಎಳೆದಾಗ ಚರ್ಮ ಸ್ವಲ್ಪ ಕಿತ್ತುಬಂತು. ಸಿದ್ದಯ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದನ್ನು ಅಲ್ಲಿದ್ದವರೆಲ್ಲ ನೋಡಿದರು.

"ಗುರುವಾರ ಇದರ ಮೇಲೆ ಕೈ ಇಟ್ಟಾಗ ಸುಟ್ಟಿದ್ದು" ಎಂದಳು.

ಧರ್ಮೇಂದ್ರ ಸ್ವಿಚ್ಚಿನ ಕಡೆ ತಿರುಗಿ ಕೈ ಬೀಸಿದ. ಮೋಟರ್ ನಿಂತಿತು. ಶಾಫ್ಟು ತನ್ನ ಭಾರಕ್ಕೆ ತಾನು ತಿರುಗುತ್ತ ನಿಧಾನವಾಗುತ್ತಿದ್ದಂತೆ, ಇಷ್ಟು ಹೊತ್ತು ಗದ್ದಲದಲ್ಲಿ ಮುಳುಗಿದ್ದ ಒಂದು ಸದ್ದು ಕೇಳತೊಡಗಿತು. ಗೋಡೆಯ ಕಡೆಯ ಬೇರಿಂಗಿನೊಳಗೆ ಗಾಜಿನ ಚೂರು ತುಂಬಿ ಅರೆದ ಹಾಗೆ ಕರಕರ ಎನ್ನುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು.

ಧರ್ಮೇಂದ್ರ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಮಂಜುಶ್ರೀಯ ಮುಂದೆ ಕೈ ಚಾಚಿ ಪತ್ರ ಕೇಳಿದ. ಅವಳು ಚೀಲದಿಂದ ತೆಗೆದುಕೊಟ್ಟಳು. ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಸಿದ್ದಯ್ಯನ ಕಡೆ ತಿರುಗಿದ. "ಮೂರು ವರ್ಷದಲ್ಲಿ ಎಷ್ಟು ಮಷಿನ್ನಿಗೆ ಆಯ್ತು ಅಂದಿದೀರಾ ಸಿದ್ದಯ್ಯನೋರೇ?" ಎಂದು ಮೆಲ್ಲಗೆ ಕೇಳಿದ. "ನಾಳೆಯಿಂದ ಮನೇಲಿ ರೆಸ್ಟ್ ತಗೊಳ್ಳಿ. ನಮ್ಮಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು."

ಹೂವಮ್ಮ ತನ್ನ ಜರಡಿ, ಕುಳಿತುಕೊಳ್ಳುವ ಗೋಣಿಚೀಲ ಎತ್ತಿಕೊಂಡು ಹೊರಗಿನ ಬಿಸಿಲಿಗೆ ಹೊರಟಳು. ಮಂಜುಶ್ರೀಯ ಪಕ್ಕದಲ್ಲಿ ಹಾದುಹೋಗುವಾಗ ನಿಂತಳು.

"ನೆರಳು ಕೊಟ್ಟೋಳೂ ನೀನೇ, ಕಿತ್ಕೊಂಡೋಳೂ ನೀನೇ" ಎಂದಳು. "ನಾಲ್ಕು ದಿನ ಆಯ್ತು ಅಷ್ಟೇ, ಅಭ್ಯಾಸ ಆಗ್ಬಿಟ್ಟಿತ್ತು."

ವಿಜಯಕುಮಾರ್ ಮೂರು ಸಲ ಫೋನ್ ಮಾಡಿದರು. ನಾಲ್ಕನೆಯ ಸಲ ಅವಳು ಎತ್ತಿ ನಡೆದದ್ದನ್ನು ಹೇಳಿದಳು. ಅವರು ಕೇಳಿಸಿಕೊಂಡು, "ನಿಮ್ಮ ಪ್ರಬಂಧಕ್ಕೆ ನನ್ನ ಸಹಿ ಇನ್ನು ಮರೆತುಬಿಡಿ" ಎಂದು ಇಟ್ಟುಬಿಟ್ಟರು. ಎಂಟು ವರ್ಷ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಶೇಕರ್, ವೈರು, ಎರಡೂ ಸೆನ್ಸರ್ ಎಲ್ಲವನ್ನೂ ಸ್ಕೂಟರಿನ ಮುಂದೆ ಇಟ್ಟು ಅವಳು ಗೇಟಿನ ಹತ್ತಿರ ಕಾದಳು. ಸಿದ್ದಯ್ಯ ಊಟದ ಡಬ್ಬಿ ಹಿಡಿದು ಬಂದರು. ಹೋಗಿಬರ್ತೀನಿ ಎಂದು ಅವರು ಯಾರಿಗೂ ಹೇಳಿದಂತೆ ಕಾಣಲಿಲ್ಲ. ಒಂದು ಗಳಿಗೆ ರಸ್ತೆಯ ಆಚೀಚೆ ನೋಡಿ, ಬೇರೆ ದಾರಿಯಿಲ್ಲದವರಂತೆ ಹಿಂದಿನ ಸೀಟಿನಲ್ಲಿ ಕುಳಿತರು.

ಭದ್ರಾ ಸೇತುವೆ ದಾಟಿದ ಮೇಲೆ ಅವಳು ಬಾಯಿ ತೆರೆದಳು.

"ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡ್ಸೋಣ ಅಪ್ಪ."

"ನೋವಿಲ್ಲ."

"ನೋವಿಲ್ಲ ಅಂತಾನೇ ಹೇಳ್ತಿರೋದು."

ಸಿದ್ದಯ್ಯ, ಗಾಳಿಯಲ್ಲೂ ಕೇಳಲಿ ಎಂದು ಅವಳ ಕಿವಿಯ ಹತ್ತಿರ ಬಗ್ಗಿ ಅಂದರು. "ಎಂಟು ವರ್ಷ ಓದಿ, ಅಪ್ಪನ ಕೈ ಕೆಟ್ಟಿದೆ ಅಂತ ಕಂಡುಹಿಡಿದೆ."

ಅವಳ ಕಣ್ಣು ಉರಿಯಿತು, ಲಾರಿಯ ಧೂಳೂ ಇತ್ತು. ಸೀಟಿನ ಹಿಂದೆ ಹಿಡಿದುಕೊಳ್ಳಲು ಏನೂ ಇರಲಿಲ್ಲವೆಂದು ಅಪ್ಪ ಎಡಗೈಯನ್ನು ಅವಳ ಭುಜದ ಮೇಲೆ ಇಟ್ಟುಕೊಂಡಿದ್ದರು. ಭಾರವಾದ, ಅಗಲವಾದ ಕೈ. ನ್ಯೂಟೌನಿಗೆ ತಿರುಗುವಲ್ಲಿ ರಸ್ತೆಗೆ ಹಂಪ್ ಹಾಕಿದ್ದರು. ಸ್ಕೂಟರ್ ಎಗರಿತು, ಅಪ್ಪನ ಕೈ ಅವಳ ಭುಜದಿಂದ ಜಾರಿ ಪಕ್ಕಕ್ಕೆ ನೇತುಬಿತ್ತು. ಅವರು ಅಂಗಡಿ ಸಾಲನ್ನು ನೋಡುತ್ತ ಕುಳಿತೇ ಇದ್ದರು, ಜಾರಿದ್ದು ಅವರಿಗೆ ತಿಳಿಯಲಿಲ್ಲ.

ಮಂಜುಶ್ರೀ ವೇಗ ತಗ್ಗಿಸಿ, ಹ್ಯಾಂಡಲ್‌ನಿಂದ ಒಂದು ಕೈ ಬಿಟ್ಟು ಹಿಂದಕ್ಕೆ ಚಾಚಿ, ಆ ಕೈಯನ್ನು ಎತ್ತಿ ಮತ್ತೆ ಭುಜದ ಮೇಲೆ ಇಟ್ಟುಕೊಂಡಳು.